ಜುಂಜಮ್ಮನ ಕೈಯ ಸೊಪ್ಪು

“ಇದು ನನ್ನ ಕಾಲೇನಾ?”

ಮುದ್ದಣ್ಣ ಇದನ್ನು ಯಾರನ್ನೂ ಕೇಳಿದ್ದಲ್ಲ. ಬೇವಿನ ಕಟ್ಟೆಯ ಮೇಲೆ ಕೂತು, ಎಡಗಾಲನ್ನು ಬಲತೊಡೆಯ ಮೇಲೆ ಎಳೆದು ಹಾಕಿಕೊಂಡು, ಸಂತೆಯಲ್ಲಿ ಯಾರದೋ ಹೋತದ ಗೊರಸು ನೋಡುವವನ ಹಾಗೆ ತನ್ನ ಅಂಗಾಲನ್ನು ನೋಡುತ್ತಿದ್ದ. ಹೊತ್ತು ಆಗಷ್ಟೇ ಹುಟ್ಟಿತ್ತು. ಯುಗಾದಿ ಕಳೆದು ಎರಡು ವಾರವಾಗಿತ್ತು. ಮರದ ತುಂಬ ಹೂವು, ಮರದ ಕೆಳಗೂ ಹೂವು. ಉದುರಿದ ಹೂವನ್ನು ಮೊರಕ್ಕೆ ಗುಡಿಸಿಕೊಳ್ಳುತ್ತಿದ್ದ ಜುಂಜಮ್ಮನಿಗೆ ಮಾತು ಕೇಳಿಸಿತು. ಉತ್ತರ ಕೊಡಲಿಲ್ಲ. ಅವಳ ಬಾಯಲ್ಲಿ ಬೇವಿನ ಚಿಗುರಿತ್ತು.

ಬಾಯಲ್ಲಿ ಕಹಿ ಇರುವಾಗ ಜುಂಜಮ್ಮ ಮಾತಾಡುವವಳಲ್ಲ. ಅರವತ್ತೈದರ ಈ ಹೆಂಗಸು ದಿನಾ ಬೆಳಗಿನ ಜಾವ ಮುಖ ತೊಳೆದು, ಮರದ ಬೊಡ್ಡೆಗೆ ಕೈಯಿಟ್ಟು, ಎಟುಕುವ ಕೊಂಬೆಯಿಂದ ಮೂರೇ ಮೂರು ಚಿಗುರೆಲೆ ಕೀಳುತ್ತಾಳೆ. ನುಂಗುವುದಿಲ್ಲ, ಅಗಿಯುತ್ತಾಳೆ. ಕಹಿ ಏರುತ್ತದೆ, ಕಣ್ಣಂಚಿನಲ್ಲಿ ನೀರು ತರಿಸುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಇಳಿದ ಮೇಲೆ ಕುಡಿಯುವ ಒಂದು ಗುಟುಕು ನೀರು ಸಿಹಿಯಾಗಿರುತ್ತದೆ. ಅಷ್ಟು ಹೊತ್ತೂ ಅವಳು ಸುಮ್ಮನೆ ಕೇಳಿಸಿಕೊಳ್ಳುತ್ತಿರುತ್ತಾಳೆ: ಕುರಿ ಕೂಡುವ ರೊಪ್ಪದಲ್ಲಿ ಮರಿಗಳು ತಾಯಿಯನ್ನು ಕೂಗುವುದು, ಕೆರೆಯ ಕಡೆಯಿಂದ ಕೊಕ್ಕರೆಗಳ ಸದ್ದು, ಯಾರ ಮನೆಯಲ್ಲಿ ಯಾರು ಕೆಮ್ಮಿದರು, ಯಾರ ಮನೆಯಲ್ಲಿ ಇನ್ನೂ ಯಾರೂ ಎದ್ದಿಲ್ಲ. ಹಿಂದಿನ ದಿನದ ಸಿಟ್ಟು ಏನಾದರೂ ಉಳಿದಿದ್ದರೆ ಅದೂ ಕಹಿಯ ಜೊತೆಗೇ ಇಳಿದುಹೋಗುತ್ತದೆ. ಇದನ್ನು ಕಲಿಸಿದವಳು ಅವಳ ಅತ್ತೆ. ಕಹಿ ಬಂದಾಗ ಓಡಿಹೋಗಬಾರದು, ಅದು ಮುಗಿಯುವ ತನಕ ಅದರ ಜೊತೆಗಿರಬೇಕು ಎಂದು ಹೊಸ ಸೊಸೆಗೆ ಮೊದಲ ವಾರವೇ ಹೇಳಿಕೊಟ್ಟಿದ್ದಳು. ಆಗ ಜುಂಜಮ್ಮನಿಗೆ ಹದಿನೇಳು.

ಕಳ್ಳಂಬೆಳ್ಳದ ಕೆರೆ ಏರಿ ದಾಟಿ ಅರ್ಧ ಮೈಲಿ ನಡೆದರೆ ಈ ಗೊಲ್ಲರ ಹಟ್ಟಿ. ಸುತ್ತ ಮುಳ್ಳಿನ ಬೇಲಿ, ಬೇಲಿಗೊಂದೇ ಬಾಗಿಲು. ಒಳಗೆ ದೇವರು ಓಡಾಡುವ ನೆಲ ಎಂದು ಯಾರೂ ಚಪ್ಪಲಿ ಮೆಟ್ಟಿ ಬರುವ ಹಾಗಿಲ್ಲ. ಮೇಷ್ಟರು ಬಂದರೂ, ಓಟು ಕೇಳುವವರು ಬಂದರೂ ಬೇಲಿಯ ಹೊರಗೇ ಚಪ್ಪಲಿ ಬಿಡಬೇಕು. ಅಲ್ಲಿರುವ ಚಪ್ಪಲಿಗಳನ್ನು ನೋಡಿಯೇ ಇವತ್ತು ಯಾರ ಮನೆಗೆ ಎಂಥ ನೆಂಟರು ಬಂದಿದ್ದಾರೆ ಎಂದು ಹೆಂಗಸರು ಹೇಳುತ್ತಾರೆ.

ಮರ ಇರುವುದು ಜುಂಜಮ್ಮನ ಮನೆಯ ಮುಂದೆ. ಅದನ್ನು ಮರ ಎಂದು ಹಟ್ಟಿಯಲ್ಲಿ ಯಾರೂ ಅನ್ನುವುದಿಲ್ಲ, ಬೇವಮ್ಮ ಎನ್ನುತ್ತಾರೆ. ಮೂರು ಆಳು ಕೈ ಹಿಡಿದು ನಿಂತರೂ ಬೊಡ್ಡೆ ತಬ್ಬಿಗೆ ಸಿಕ್ಕುವುದಿಲ್ಲ. ಶಿವರಾತ್ರಿಯ ಹೊತ್ತಿಗೆ ಇದ್ದಬದ್ದ ಎಲೆಯನ್ನೆಲ್ಲ ಉದುರಿಸಿ, ಎಲ್ಲವನ್ನೂ ದಾನ ಮಾಡಿದ ಜೋಗಮ್ಮನ ಹಾಗೆ ಬರಿಮೈಯಲ್ಲಿ ನಿಲ್ಲುತ್ತದೆ. ಹತ್ತು ದಿನ ಹಾಗೆ ನಿಂತು, ಒಂದು ಬೆಳಿಗ್ಗೆ ತಾಮ್ರದ ಬಣ್ಣದ ಚಿಗುರು ತೋರಿಸುತ್ತದೆ. ಬಾವಿಗಳು ಬತ್ತುವ ಕಾಲದಲ್ಲಿ ಈ ಚಿಗುರಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಜುಂಜಮ್ಮ ಪ್ರತಿ ವರ್ಷವೂ ತಲೆಯೆತ್ತಿ ನೋಡುತ್ತಾಳೆ, ಪ್ರತಿ ವರ್ಷವೂ ಕೈ ಮುಗಿಯುತ್ತಾಳೆ.

ಆ ಮರದಿಂದ ಹಟ್ಟಿಗೆ ಬಾರದೆ ಇದ್ದದ್ದು ಏನಿದೆ? ರಾಗಿ ತುಂಬಿದ ಮಣ್ಣಿನ ವಾಡೆಗೆ ಹುಳು ಬೀಳದ ಹಾಗೆ ಪದರ ಪದರವಾಗಿ ಒಣಸೊಪ್ಪು. ಮಳೆಗಾಲದಲ್ಲಿ ಸೊಳ್ಳೆ ಕುರಿಗಳನ್ನು ಕೊಲ್ಲುವಾಗ ರೊಪ್ಪದ ಮೂಲೆಯಲ್ಲಿ ಹಸಿಸೊಪ್ಪಿನ ಹೊಗೆ. ಹುಳ ಬಿದ್ದ ಗಾಯಕ್ಕೆ ಬೀಜದ ಎಣ್ಣೆ. ಹಿಂಡಿದ ಮೇಲೆ ಉಳಿದ ಹಿಂಡಿ ಹೊಲಕ್ಕೆ. ಬಾಣಂತಿಯ ನೀರಿಗೆ ಎಲೆ, ಹಲ್ಲಿಗೆ ಕಡ್ಡಿ, ಕಜ್ಜಿಗೆ ಅರೆದ ಮುದ್ದೆ. ಉದುರಿದ ಹೂವನ್ನು ಒಣಗಿಸಿ ತುಪ್ಪದಲ್ಲಿ ಹುರಿದು ಹಾಕಿದರೆ ಬಡವರ ಸಾರಿಗೂ ಒಂದು ಗತ್ತು ಬರುತ್ತದೆ. ಎಲೆಯಲ್ಲಿ ಕಹಿ ಇಟ್ಟುಕೊಂಡವಳು ಹಣ್ಣಿನಲ್ಲಿ ಸಿಹಿ ಇಟ್ಟಿದ್ದಾಳೆ. ಅದು ಕಾಗೆಗೂ ಗಿಳಿಗೂ ಗೊತ್ತು. ಮಗುವಿಗೆ ಅಮ್ಮ ಆದರೆ, ಅಂದರೆ ಮೈಮೇಲೆ ನೀರುಗುಳ್ಳೆ ಎದ್ದರೆ, ಮಲಗಿಸುವುದೇ ಈ ಸೊಪ್ಪಿನ ಮೇಲೆ.

ಮದ್ದಿನ ಸೊಪ್ಪಿಗೆ ಮಾತ್ರ ಒಂದು ಕಟ್ಟಳೆ ಇತ್ತು. ಕೇಳಿ ತಗೊಂಡರೆ ಮದ್ದು, ಕೇಳದೆ ಕಿತ್ತರೆ ಮೇವು. ಕಳ್ಳಂಬೆಳ್ಳದ ಸುತ್ತ ಬೇವಿನ ಮರಕ್ಕೇನು ಬರ, ರಸ್ತೆಯುದ್ದಕ್ಕೂ ನಿಂತಿವೆ. ಆದರೂ ಜನ ಕೊಳಾಲದಿಂದ, ನಿಡುಗಲ್ಲಿನ ಕಡೆಯಿಂದ ಬಸ್ಸು ಹತ್ತಿ ಬಂದು, ಬೇಲಿಯ ಹೊರಗೆ ಚಪ್ಪಲಿ ಬಿಟ್ಟು, ಈ ಮನೆಯ ಹೆಂಗಸಿನ ಕೈಯಿಂದಲೇ ಸೊಪ್ಪು ಪಡೆದು ಹೋಗುತ್ತಿದ್ದರು. ಅತ್ತೆ ಸಾಯುವ ದಿನ ಸೊಸೆಯ ಕೈಯನ್ನು ಬೊಡ್ಡೆಯ ಮೇಲೆ ಇಡಿಸಿ, ಕೇಳಿ ಬಂದವರಿಗೆ ಇಲ್ಲ ಅನ್ನುವುದಿಲ್ಲ ಎಂದು ಮಾತು ತೆಗೆದುಕೊಂಡಿದ್ದಳು. ಅಂದಿನಿಂದ ಜುಂಜಮ್ಮ ಆ ಮಾತನ್ನು ಮುರಿದಿರಲಿಲ್ಲ. ಜಾತಿ ಕೇಳಲಿಲ್ಲ, ಊರು ಕೇಳಲಿಲ್ಲ. ಹಟ್ಟಿಯ ಮೇಲೆ ದಾವೆ ಹೂಡಿದ ಮನೆಯವರು ತಲೆ ತಗ್ಗಿಸಿಕೊಂಡು ಬಂದಾಗಲೂ ಕಾರಣ ಕೇಳದೆ ಮಡಿಲಿಗೆ ಹಾಕಿದ್ದಳು.

ಕಳ್ಳಂಬೆಳ್ಳದ ಮುದ್ದಣ್ಣ ಎಂಟು ತಿಂಗಳಿನಿಂದ ದಿನಾ ಬರುತ್ತಿದ್ದ. ಸಕ್ಕರೆ ಕಾಯಿಲೆಗೆ ಒಂದು ಹಿಡಿ ಸೊಪ್ಪು. ಅರವತ್ತು ದಾಟಿದ ಆಳು, ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಬಾಯಿ. ಬಂದವನು ಸೊಪ್ಪನ್ನು ಅಲ್ಲೇ ಕಟ್ಟೆಯ ಮೇಲೆ ಕೂತು ತಿನ್ನುತ್ತಿದ್ದ. ತಿನ್ನುತ್ತಲೇ ಜುಂಜಮ್ಮನ ಗಂಡ ಕ್ಯಾತಪ್ಪನನ್ನು ಕೆಣಕುತ್ತಿದ್ದ.

“ಏನ್ಲಾ ಕ್ಯಾತ, ನಿನ್ ಕುರಿಗಿಂತ ಜಾಸ್ತಿ ಬೇವು ತಿಂದಿವ್ನಿ. ಮೈಮ್ಯಾಲೆ ಉಣ್ಣೆ ಬಂದ್ರೆ ನೀನೇ ಕತ್ತರಿಸ್ಬೇಕು ಕಣ್ಲಾ.”

“ನಿನ್ ಉಣ್ಣೆಗೆ ಕಂಬ್ಳಿ ಆಗಾಕಿಲ್ಲ ಬುಡು. ಬಾಯಿ ಕಟ್ಟೋ ಚೀಲ ಆದಾತು.”

ಹೀಗೆ ಶುರುವಾಗದ ಬೆಳಗು ಹಟ್ಟಿಗೆ ಬೆಳಗೇ ಅಲ್ಲ ಎನ್ನುವ ಮಟ್ಟಿಗೆ ರೂಢಿಯಾಗಿತ್ತು. ಆ ದಿನ ಮಾತ್ರ ಮುದ್ದಣ್ಣ ಯಾರನ್ನೂ ಕೆಣಕಲಿಲ್ಲ. ತನ್ನ ಕಾಲನ್ನು ತಾನೇ ನೋಡುತ್ತ ಕೂತಿದ್ದ.

ಕಹಿ ಇಳಿದ ಮೇಲೆ ಜುಂಜಮ್ಮ ನೀರು ಕುಡಿದು ಮೊರ ಕೆಳಗಿಟ್ಟಳು. ಬೇಲಿಯ ಬಾಗಿಲಿನಿಂದ ಕಟ್ಟೆಯ ತನಕ ಬಿಳಿ ಹೂವಿನ ಮೇಲೆ ಒಂದು ಬಿಟ್ಟು ಒಂದು ಹೆಜ್ಜೆಗೆ ಕೆಂಪು ಕಲೆ ಇತ್ತು. ಕುರಿಗೇನೋ ಆಗಿದೆ ಎಂದುಕೊಂಡು ಗಂಡನನ್ನು ಕೂಗಿದಳು. ಕ್ಯಾತಪ್ಪ ಬಂದ, ಕಲೆಗಳನ್ನು ನೋಡಿದ, ಅವು ಎಲ್ಲಿ ಮುಗಿಯುತ್ತವೆ ಎಂದು ನೋಡಿದ. ಮುದ್ದಣ್ಣನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಆ ಕಾಲನ್ನು ಕೈಗೆ ತೆಗೆದುಕೊಂಡ.

ಹೆಬ್ಬೆರಳ ಬುಡದಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಮುರಿದು ಕೂತಿತ್ತು. ಇವತ್ತಿನದಲ್ಲ. ಸುತ್ತ ಊದಿ ಕಪ್ಪಾಗಿತ್ತು. ಕ್ಯಾತಪ್ಪ ಸೊಂಟದ ಚಿಮುಟ ತೆಗೆದು ಎಳೆದ. ಒಂದು ಅಂಗುಲಕ್ಕಿಂತ ಉದ್ದದ ಮುಳ್ಳು ಬಂತು, ಹಿಂದೆಯೇ ಕೀವು. ಜುಂಜಮ್ಮನಿಗೆ ವಾಸನೆ ಬಡಿಯಿತು. ಐವತ್ತು ವರ್ಷ ಕುರಿಗಳ ನಡುವೆ ಬದುಕಿದವಳಿಗೆ ಅದು ಎಂಥ ವಾಸನೆ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಕ್ಯಾತಪ್ಪ ಹೆಬ್ಬೆರಳನ್ನು ಬೆರಳಿನಿಂದ ಒತ್ತಿದ. ಇನ್ನೂ ಸ್ವಲ್ಪ ಬಲವಾಗಿ ಒತ್ತಿದ.

“ಈಗ?” ಎಂದ.

“ಏನೀಗ?”

“ಒತ್ತುದ್ನಲ್ಲ.”

“ಯಾವಾಗ ಒತ್ತುದ್ಯೋ?” ಎಂದು ಮುದ್ದಣ್ಣ ನಕ್ಕ. ಕ್ಯಾತಪ್ಪ ನಗಲಿಲ್ಲ. ಗಾಯ ತೊಳೆದು, ಒಗೆದ ಬಟ್ಟೆಯಲ್ಲಿ ಸುತ್ತಿ, ತನ್ನ ಭುಜ ಕೊಟ್ಟು ಅವನನ್ನು ಬೇಲಿಯ ತನಕ ನಡೆಸಿಕೊಂಡು ಹೋದ. ಹೊರಡುವ ಮುಂಚೆ ಮುದ್ದಣ್ಣ ಎಂದಿನಂತೆ ಸೊಪ್ಪು ಕೇಳಿದ್ದ, ಎಂದಿನಂತೆ ಜುಂಜಮ್ಮ ಕೊಟ್ಟಿದ್ದಳು. ಮುದ್ದಣ್ಣ ಅದನ್ನು ಅಗಿಯುತ್ತಲೇ ಹೋದ.

ಹಿಂದಿರುಗಿ ಬಂದ ಕ್ಯಾತಪ್ಪ ಚಿಮುಟವನ್ನು ಬೂದಿಯಲ್ಲಿ ಉಜ್ಜುತ್ತ ಹೆಂಡತಿಗೆ ಹೇಳಿದ:

“ಒತ್ತಿದ್ರೆ ಒದೆಯೋ ಕುರಿಗೆ ನಾನು ಹೆದ್ರಾಕಿಲ್ಲ ಕಣಮ್ಮಿ. ಒದೀದೆ ಸುಮ್ನೆ ನಿಂತಿರ್ತೈತಲ್ಲ, ಅದ್ರ ಕಾಲು ಉಳಿಯಾಕಿಲ್ಲ.”

ಮುದ್ದಣ್ಣನ ಸೊಸೆ ಶಶಿರೇಖಾ ಊರಿನ ಆಶಾ ಕಾರ್ಯಕರ್ತೆ. ಕ್ಯಾತಪ್ಪ ಕುರಿ ಹೊಡೆದುಕೊಂಡು ಹೋಗುವಾಗ ಊರ ಮುಂದೆ ಅವಳನ್ನು ಕಂಡು ವಿಷಯ ತಿಳಿಸಿದ್ದ. ಅವಳು ಗಂಡ ತಿಪ್ಪೇರುದ್ರನ ಆಟೋದಲ್ಲಿ ಮಾವನನ್ನು ಕೂರಿಸಿಕೊಂಡು ಆ ಕೂಡಲೇ ಶಿರಾಕ್ಕೆ ಹೋಗಿದ್ದಳು. ಸಂಜೆಗೆ ಒಬ್ಬಳೇ ಹಟ್ಟಿಗೆ ಬಂದಳು. ಬೇಲಿಯ ಹೊರಗೆ ಚಪ್ಪಲಿ ಬಿಟ್ಟು, ಗುಲಾಬಿ ಬಣ್ಣದ ಕೆಲಸದ ಸೀರೆಯಲ್ಲೇ ಕಟ್ಟೆಯ ಮೇಲೆ ಕೂತು, ಮೊದಲು ಒಂದು ಚೊಂಬು ನೀರು ಕುಡಿದಳು. ಆಮೇಲೆ ಒಂದು ಡಬ್ಬಿಯನ್ನು ಜುಂಜಮ್ಮನ ಮುಂದೆ ತೆರೆದಿಟ್ಟಳು. ಬಿಸ್ಕತ್ತಿನ ಹಳೆಯ ಡಬ್ಬಿ. ಅದರ ತುಂಬ ಮಾತ್ರೆಯ ಹಾಳೆಗಳು, ಒಂದೂ ಒಡೆದಿರಲಿಲ್ಲ.

“ಮಾವ ಕೊಟ್ಟಿಗೆ ಸೂರಿನಾಗೆ ಸಿಗ್ಸಿದ್ರು ಅಜ್ಜಿ. ಎಂಟು ತಿಂಗ್ಳ ಗುಳ್ಗೆ. ಊರಿಗೆಲ್ಲ ‘ಮರೀದೆ ನುಂಗ್ರಪ್ಪ’ ಅಂತ ಮನೆಮನೆ ತಿರುಗ್ತೀನಿ. ನಮ್ಮನೇಲಿ ದನ ನುಂಗೋ ಜಾಗದಾಗೆ ಇಟ್ಟವ್ರೆ.”

ಹೇಗಾಯಿತು ಎನ್ನುವುದನ್ನು ಶಶಿರೇಖಾ ಬಿಡಿಸಿ ಹೇಳಿದಳು. ಹೋದ ಆಷಾಢದಲ್ಲಿ ಅವಳ ಮಗಳಿಗೆ ಅಮ್ಮ ಆಗಿತ್ತು. ಜುಂಜಮ್ಮನೇ ಸೊಪ್ಪು ಕೊಟ್ಟಿದ್ದಳು. ಬಾಗಿಲಿಗೆ ಬೇವು ಕಟ್ಟಿದ ಮೇಲೆ ಮನೆಯ ನಡವಳಿಕೆಯೇ ಬೇರೆ: ಒಗ್ಗರಣೆ ಹಾಕಬಾರದು, ಜೋರಾಗಿ ಮಾತಾಡಬಾರದು, ಹೊರಗಿನವರು ಹೊಸಿಲು ದಾಟಬಾರದು. ಬೇವಮ್ಮ ಒಳಗಿರುವಾಗ ಔಷಧಿ, ಮಾತ್ರೆ ಯಾವುದೂ ಮನೆಯೊಳಗೆ ಇರಬಾರದು. ಅವಳ ಅತ್ತೆ ಗಂಗರತ್ನಮ್ಮ ಗಂಡ ಮುದ್ದಣ್ಣನ ಸಕ್ಕರೆ ಮಾತ್ರೆಗಳನ್ನೂ ಡಬ್ಬಿಗೆ ಹಾಕಿ ಕೊಟ್ಟಿಗೆಯಲ್ಲಿ ಇಟ್ಟಳು. ಹನ್ನೊಂದು ದಿನಕ್ಕೆ ಮಗು ಎದ್ದಿತು, ಬೇವಿನ ನೀರು ಹುಯ್ದರು. ಮುದ್ದಣ್ಣ ಹನ್ನೊಂದು ದಿನವೂ ಮಾತ್ರೆ ಇಲ್ಲದೆ ಓಡಾಡಿಕೊಂಡಿದ್ದ. ಏನೂ ಆಗಿರಲಿಲ್ಲ. ಆಗದೆ ಇದ್ದದ್ದಲ್ಲ, ಗೊತ್ತಾಗದೆ ಇದ್ದದ್ದು. ಬೇವಮ್ಮ ಇದ್ದ ಕಡೆ ಮಾತ್ರೆಗೆ ಕೆಲಸವಿಲ್ಲ ಎಂದು ತಾನೇ ತೀರ್ಮಾನ ಮಾಡಿಕೊಂಡ. ಇನ್ನು ಬೇವು ದಿನಾ ಹೊಟ್ಟೆಯೊಳಗೇ ಇರುವುದಾದರೆ ಮಾತ್ರೆ ಯಾವತ್ತೂ ಒಳಗೆ ಬರುವ ಹಾಗಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟರೆ ತಾಯಿ ಮುನಿಯುತ್ತಾಳೆ. ಹೆಂಡತಿಗೂ ಅದೇ ಸರಿ ಎನ್ನಿಸಿತು. ಪ್ರತಿ ತಿಂಗಳು ಸೊಸೆ ತಂದುಕೊಟ್ಟ ಮಾತ್ರೆಗಳನ್ನು ಮುದ್ದಣ್ಣ ಮರ್ಯಾದೆಯಿಂದ ಕೈಗೆ ತೆಗೆದುಕೊಂಡು ಕೊಟ್ಟಿಗೆಯ ಸೂರಿಗೆ ಸೇರಿಸುತ್ತಿದ್ದ.

ಶಿರಾದ ದವಾಖಾನೆಯಲ್ಲಿ ಡಾಕ್ಟರಮ್ಮ ಬಹಳ ಹೊತ್ತು ಕಾಲು ನೋಡಿದ್ದಳು. ಸಕ್ಕರೆ ಏರಿ ಏರಿ ಕಾಲಿನ ಅರಿವೇ ಸತ್ತಿದೆ, ಅದಕ್ಕೇ ಮುಳ್ಳು ಹೊಕ್ಕಿದ್ದು ತಿಳಿದಿಲ್ಲ ಎಂದಳಂತೆ. ನಾಳೆಯೇ ಸೇರಿಸಿ, ಗಾಯ ಕೆರೆದು ಸೂಜಿ ಶುರು ಮಾಡಿದರೆ ಒಂದು ಬೆರಳಿಗೆ ಮುಗಿಯಬಹುದು. ವಾರ ಬಿಟ್ಟು ಬಂದರೆ ಮಂಡಿಯ ಕೆಳಗೆ ಏನು ಉಳಿಯುತ್ತದೋ ತಾನು ಹೇಳಲಾರೆ ಎಂದಳಂತೆ. ಬೇವು ತಿಂದದ್ದಕ್ಕೆ ಬೈಯಲಿಲ್ಲವಂತೆ. ತನ್ನ ಅಜ್ಜಿಯೂ ತಿನ್ನುತ್ತಿದ್ದಳು ಎಂದಳಂತೆ. ಮಾತ್ರೆ ಬಿಟ್ಟದ್ದಕ್ಕೆ ಮಾತ್ರ ತಲೆ ಚಚ್ಚಿಕೊಂಡಳಂತೆ. ಮುದ್ದಣ್ಣ ಎಲ್ಲ ಕೇಳಿ, ಚೀಟಿ ಮಡಚಿ ಜೇಬಿಗಿಟ್ಟುಕೊಂಡು, ಏಳು ದಿನ ಟೈಮು ಕೊಡಿ ಎಂದು ಎದ್ದುಬಂದಿದ್ದ. ಏಳು ದಿನ ಎರಡು ಪಟ್ಟು ಸೊಪ್ಪು ತಿಂದರೆ ಇದು ತಾನಾಗಿ ಒಣಗುತ್ತದೆ ಎನ್ನುವುದು ಅವನ ನಂಬಿಕೆ.

“ನಾನು ಸೊಸೆ. ಬಾಯಿ ಮಾಡಂಗಿಲ್ಲ. ಅವ್ರ ಮಗ ಬಾಯಿ ಮಾಡಿದ್ರೆ ಅವ್ರು ಕೇಳಂಗಿಲ್ಲ. ಇಡೀ ಕಳ್ಳಂಬೆಳ್ಳದಾಗೆ ಅವ್ರು ನಂಬೋದು ನಿನ್ ಕೈ ಸೊಪ್ಪು ಒಂದ್ನೇ. ಅದನ್ನ ನಿಲ್ಸ್ಬುಡು ಅಜ್ಜಿ.”

ಜುಂಜಮ್ಮ ಡಬ್ಬಿಯ ಮುಚ್ಚಳ ಹಾಕಿದಳು. ತೆರೆದಳು. ಮತ್ತೆ ಹಾಕಿದಳು. ತಾನು ಮಾತು ಕೊಟ್ಟವಳು, ಕೇಳಿ ಬಂದವರಿಗೆ ಇಲ್ಲ ಅಂದರೆ ಆ ಸೊಪ್ಪಿಗೆ ಸತ್ಯ ಉಳಿಯುವುದಿಲ್ಲ, ನಾಳೆ ಯಾರ ಮಗುವಿಗೆ ಅಮ್ಮ ಆದರೂ ಯಾವ ಮುಖದಲ್ಲಿ ಕೊಡಲಿ ಎಂದಳು. ಶಶಿರೇಖಾ ವಾದ ಮಾಡಲಿಲ್ಲ. ಮಾವನನ್ನು ನಾಳೆ ಬೆಳಿಗ್ಗೆ ಆಟೋ ಹತ್ತಿಸಿಕೊಂಡು ಬರುತ್ತೇವೆ, ದಾರಿಯಲ್ಲಿ ಇಲ್ಲಿಗೆ ಬರದೆ ಮುಂದೆ ಹೋಗುವವರಲ್ಲ, ಆಮೇಲೆ ನಿನ್ನಿಷ್ಟ ಎಂದು ಎದ್ದಳು. ಡಬ್ಬಿಯನ್ನು ಅಲ್ಲೇ ಬಿಟ್ಟುಹೋದಳು.

ಅವಳು ಹೋದ ಮೇಲೂ ಜುಂಜಮ್ಮ ಕಟ್ಟೆಯಿಂದ ಏಳಲಿಲ್ಲ. ಅವಳಿಗೆ ಮಾತಿನ ಭಾರಕ್ಕಿಂತ ಇನ್ನೊಂದು ಭಾರ ಹೆಚ್ಚಾಗಿತ್ತು. ಎಂಟು ತಿಂಗಳು ತಾನು ಕೊಟ್ಟಳೇ ಹೊರತು, ಮಾತ್ರೆ ನುಂಗುತ್ತಿದ್ದೀಯಾ ಮುದ್ದಣ್ಣ ಎಂದು ಒಂದು ಬಾರಿಯೂ ಕೇಳಲಿಲ್ಲ. ಇಡೀ ಹಟ್ಟಿಯ ಸದ್ದು ಕೇಳಿಸಿಕೊಳ್ಳುವ ಕಿವಿಗೆ, ಎದುರಿಗೆ ಕೂತು ಅಗಿಯುತ್ತಿದ್ದವನ ಒಳಗೇನು ನಡೆದಿದೆ ಎನ್ನುವುದು ಕೇಳಿಸಲಿಲ್ಲ. ದೇವರು ಓಡಾಡುವ ಈ ನೆಲದಲ್ಲೇ, ದಿನಾ ಬರಿಗಾಲಲ್ಲಿ ನಡೆದು ಬರುವಾಗಲೇ ಆ ಮುಳ್ಳು ಹೊಕ್ಕಿರಬೇಕು. ಅವಳು ಮರದ ಕಡೆ ನೋಡಿದಳು. ಬೊಡ್ಡೆಯ ಪಕ್ಕದಲ್ಲೇ ತುಳಸಿ ಇತ್ತು, ಆಚೆಗೆ ಒಂದು ದಾಸವಾಳ, ಬೇಲಿಯ ಕಡೆ ಹೊಂಗೆಯ ಸಸಿ. ಇಷ್ಟು ಗಿಡಗಳು ಇದೇ ನೆರಳಿನಲ್ಲಿ ಬೆಳೆದಿದ್ದವು.

ದೀಪ ಹಚ್ಚುವ ಹೊತ್ತಿಗೆ ಕ್ಯಾತಪ್ಪ ಕುರಿ ಕೂಡಿ ಬಂದು, ಬಾಗಿಲಲ್ಲಿ ಕೂತು ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತಿದ್ದ. ಅವನ ಅಪ್ಪ ಗಣೆ ಊದಿಕೊಂಡು ದೇವರ ಪದ ಹೇಳುತ್ತಿದ್ದವನು. ಉದ್ದನೆಯ ಆ ಬಿದಿರಿನ ಕೊಳಲು ಈಗ ಸೂರಿನಲ್ಲಿ ಕೂತಿತ್ತು; ಪದಗಳು ಮಾತ್ರ ಕ್ಯಾತಪ್ಪನ ಬಾಯಲ್ಲಿದ್ದವು. ಜುಂಜಮ್ಮ ಅವನ್ನು ಹಾಡಿದವಳಲ್ಲ. ಮದುವೆಯಾದಾಗಿನಿಂದ ಮಾವನ ಬಾಯಲ್ಲಿ, ಆಮೇಲೆ ಗಂಡನ ಬಾಯಲ್ಲಿ ಕೇಳುತ್ತ, ಒಂದೊಂದು ಪದವೂ ಎಲ್ಲಿ ಏರುತ್ತದೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಎಂದು ಬಲ್ಲವಳು. ಅವಳು ಗಂಡನ ಪಕ್ಕ ಕೂತು ಬೇವಮ್ಮನ ಪದ ಹೇಳು ಎಂದಳು. ಈಗೇಕೆ ಎಂದು ಅವನು ಕೇಳಲಿಲ್ಲ. ಹಗ್ಗದ ಲಯಕ್ಕೇ ಸಣ್ಣ ದನಿಯಲ್ಲಿ ಹೇಳಿದ:

ಸೊಪ್ಪ ಕೇಳಿದರೆ ಸೊಪ್ಪ ಕೊಟ್ಟಾಳೋ
ನೆರಳ ಕೇಳಿದರೆ ನೆರಳ ಕೊಟ್ಟಾಳೋ
ಬೇರ ಕೇಳಿದರೆ ಕೈಯ ಮುಚ್ಯಾಳೋ
ನಮ್ಮವ್ವ ಬೇವಾದ ತಾಯಿ

“ಮೂರ್ನೇದು ಇನ್ನೊಂದಪ ಹೇಳು.”

ಅವನು ಹೇಳಿದ. ನೂರು ಬಾರಿ ಕೇಳಿದ ಸಾಲು. ಹಬ್ಬದಲ್ಲಿ ಎಲ್ಲರೂ ಸೇರಿ ಹೇಳುವಾಗ ಅಷ್ಟು ಹೊತ್ತಿಗೆ ಸೋಬಾನೆಯ ಕೂಗು ಏಳುತ್ತಿತ್ತು, ಆ ಸಾಲು ಕೂಗಿನಲ್ಲೇ ಮುಳುಗಿಹೋಗುತ್ತಿತ್ತು. ಕೇಳಿದಾಗಲೂ ಮರದ ಬುಡ ಅಗೆಯಬಾರದು ಎಂದಷ್ಟೇ ಅವಳು ತಿಳಿದಿದ್ದಳು.

ಬೇರು ಅಂದರೆ ಏನು ಎಂದು ಗಂಡನನ್ನು ಕೇಳಿದಳು. ಕ್ಯಾತಪ್ಪ ಹಗ್ಗ ನಿಲ್ಲಿಸಿ ಯೋಚಿಸಿದ.

“ಮರಕ್ಕೆ ಬೇರು. ಕುರಿಗೂ ಮನುಷ್ಯಂಗೂ ಕಾಲೇ ಅಲ್ವೇನಮ್ಮಿ?”

ಹಾಗಾದರೆ ಮುದ್ದಣ್ಣ ಸೊಪ್ಪು ಎಂದು ಕೇಳುತ್ತಿರುವುದು ಬೇರನ್ನೇ. ಜುಂಜಮ್ಮ ಒಳಗೆ ಹೋಗಿ ಮುದ್ದೆಗೆ ಎಸರಿಟ್ಟಳು.

ಬೆಳಿಗ್ಗೆ ಬೇಲಿಯ ಆಚೆ ಸ್ವಲ್ಪ ದೂರದಲ್ಲಿ ಆಟೋ ನಿಂತ ಸದ್ದು ಕೇಳಿಸಿತು. ಜುಂಜಮ್ಮ ಬೇಲಿಯ ಬಾಗಿಲಿಗೇ ಹೋಗಿ ನಿಂತಳು. ಮುದ್ದಣ್ಣ ಬಂದ. ಕಾಲಿನ ಕಟ್ಟಿನ ಮೇಲೆ ಸೊಸೆ ಪ್ಲಾಸ್ಟಿಕ್ ಚೀಲ ಸುತ್ತಿದ್ದಳು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ತಿಪ್ಪೇರುದ್ರನ ಹೆಗಲ ಮೇಲೆ. ಶಶಿರೇಖಾ ಹತ್ತು ಮಾರು ಹಿಂದೆಯೇ ನಿಂತಳು. ಮುದ್ದಣ್ಣ ರೂಢಿಯಂತೆ ಬಗ್ಗಿ ಒಳ್ಳೆಯ ಕಾಲಿನ ಚಪ್ಪಲಿ ಬಿಚ್ಚಲು ಹೋದ. ಬಿಚ್ಚಬೇಡ, ಹಾಗೇ ಬಾ ಎಂದಳು ಜುಂಜಮ್ಮ. ಹಟ್ಟಿಯ ಒಬ್ಬಿಬ್ಬರು ತಿರುಗಿ ನೋಡಿದರು. ಈ ಹಟ್ಟಿಯಲ್ಲಿ ಯಾರೂ ಯಾರಿಗೂ ಹಾಗೆ ಹೇಳಿದ್ದಿರಲಿಲ್ಲ. ಮುದ್ದಣ್ಣನಿಗೂ ಧೈರ್ಯ ಬರಲಿಲ್ಲ. ಬೇಲಿಯ ಹೊರಗೇ ಕಲ್ಲಿನ ಮೇಲೆ ಕೂತ.

ಆಟೋದಲ್ಲಿ ಬಟ್ಟೆ ಚೀಲ ಇದೆ, ಇವರೆಲ್ಲ ಸೇರಿ ತನ್ನನ್ನು ದವಾಖಾನೆಗೆ ತುಂಬಲು ಹೊರಟಿದ್ದಾರೆ ಎಂದು ನಗುತ್ತಲೇ ದೂರು ಹೇಳಿದ. ಆಮೇಲೆ ಹೆಗಲ ಮೇಲಿನ ಟವಲನ್ನು ಮಡಿಲಿನ ಹಾಗೆ ಹರಡಿದ.

“ಏಳು ದಿನದ ಸೊಪ್ಪು ಕೊಟ್ಬುಡಕ್ಕ. ಏಳು ದಿನ ನೋಡೇಬುಡಾನ. ವಾಸಿ ಆಗ್ದಿದ್ರೆ ಆಮ್ಯಾಕೆ ನಾನೇ ಸಿರಾಕ್ಕೆ ನಡ್ಕಂಡು ಹೋಯ್ತೀನಿ.”

ಯಾವ ಕಾಲಲ್ಲಿ ನಡೆದುಕೊಂಡು ಹೋಗುತ್ತೀಯ ಎಂದು ತಿಪ್ಪೇರುದ್ರ ಕೇಳಿದ. ನೀನು ಸುಮ್ಮನಿರು ಎಂದು ಅವನ ಅಪ್ಪ ಗದರಿದ.

ಜುಂಜಮ್ಮ ಸೆರಗಿನ ಅಡಿಯಿಂದ ಡಬ್ಬಿ ತೆಗೆದು ಅವನ ಪಕ್ಕದಲ್ಲಿ ಇಟ್ಟಳು. ಅದನ್ನು ನೋಡಿದ ಕೂಡಲೇ ಮುದ್ದಣ್ಣನ ಮುಖ ಇಳಿಯಿತು. ಕಳ್ಳತನ ಸಿಕ್ಕಿದ ಮಗುವಿನ ಮುಖ. ಬೇವಮ್ಮ ಇದ್ದ ಮನೆಗೆ ಇದನ್ನು ಹೇಗೆ ತರಲಿ, ಎರಡು ಕೂಡುವುದಿಲ್ಲವಲ್ಲ ಎಂದ, ಮೊದಲಿನಷ್ಟು ಗಟ್ಟಿಯಾಗಿ ಅಲ್ಲ.

ಜುಂಜಮ್ಮನಿಗೆ ಹೆಚ್ಚು ಮಾತಾಡಿ ಅಭ್ಯಾಸವಿಲ್ಲ. ಆ ದಿನ ಮಾತಾಡಿದಳು. ಈ ಮರ ತನ್ನ ಬುಡದಿಂದ ತುಳಸಿಯನ್ನು ಓಡಿಸಿಲ್ಲ, ಹೊಂಗೆಯನ್ನು ಓಡಿಸಿಲ್ಲ, ಮಾತ್ರೆಯನ್ನು ಓಡಿಸಿದ್ದು ಬೇವಮ್ಮನಲ್ಲ, ಅದು ನಾವು ಮಾಡಿಕೊಂಡದ್ದು ಎಂದಳು. ಹನ್ನೊಂದು ದಿನದ ಕಟ್ಟಳೆ ಹನ್ನೊಂದು ದಿನಕ್ಕೇ. ಮಗು ಎದ್ದ ದಿನವೇ ಆ ಕಟ್ಟಳೆಯೂ ಎದ್ದುಹೋಯಿತು ಎಂದಳು. ಕೊಡುವ ಮುಂಚೆ ಕೇಳದೆ ಹೋದದ್ದು ತನ್ನ ತಪ್ಪು, ಅದನ್ನು ಬೇವಮ್ಮನ ಮುಂದೆ ಒಪ್ಪಿಕೊಂಡು ಬಂದಿದ್ದೇನೆ ಎಂದಳು.

ಮುದ್ದಣ್ಣ ಡಬ್ಬಿಯನ್ನು ಮುಟ್ಟಲಿಲ್ಲ. ಎಂಟು ತಿಂಗಳಲ್ಲಿ ಯಾವತ್ತೂ ಇಲ್ಲದ ಮೆಲುದನಿಯಲ್ಲಿ ಹೇಳಿದ:

“ನಂಗೆ ಸೂಜಿ ಭಯ ಕಣಕ್ಕ. ಕಾಲು ಕೊಯ್ತಾರೇನೋ ಅಂತ ಭಯ. ನಿನ್ ಕೈ ಸೊಪ್ಪು ತಿಂದ್ರೆ ಭಯ ಇರಾಕಿಲ್ಲ. ಅದ್ಕೇ ಬತ್ತಿದ್ದೆ.”

ಬೇಲಿಯ ಒಳಗೆ ನಿಂತಿದ್ದ ಕ್ಯಾತಪ್ಪ ಮುಖ ತಿರುಗಿಸಿದ. ಜುಂಜಮ್ಮನ ಕಣ್ಣಲ್ಲಿ ನೀರು ತುಂಬಿತು. ಕೈ ಚಾಚಿದರೆ ಸಿಗುವಷ್ಟು ಹತ್ತಿರಕ್ಕೆ ಒಂದು ಕೊಂಬೆ ಬೇಲಿಯ ಮೇಲೆ ಬಾಗಿತ್ತು, ತಾಮ್ರದ ಬಣ್ಣ ಹೋಗಿ ಹಸಿರಾಗಿದ್ದ ಎಲೆಗಳು ಗಾಳಿಗೆ ಅಲುಗುತ್ತಿದ್ದವು. ಅವಳು ಆ ಕಡೆ ನೋಡಲಿಲ್ಲ. ದವಾಖಾನೆಯಲ್ಲಿ ಎಷ್ಟು ದಿನ ಇದ್ದರೂ ತಾನೂ ಬಂದು ಮಂಚದ ಪಕ್ಕ ಕೂತಿರುತ್ತೇನೆ, ಸೂಜಿ ಚುಚ್ಚುವಾಗ ಕ್ಯಾತಪ್ಪ ಕೈ ಹಿಡಿದುಕೊಳ್ಳುತ್ತಾನೆ ಎಂದಳು.

“ಅದಿರ್ಲಿ. ನೀನು ಬರೋದು ಬ್ಯಾಡ ಅನ್ನಾಕಿಲ್ಲ. ಸೊಪ್ಪು ಕೊಡು. ಏಳು ದಿನದ್ದು ಬ್ಯಾಡ, ಇವತ್ತೊಂದಿನದ್ದು. ನಿಮ್ಮತ್ತೆಗೆ ಏನಂತ ಮಾತು ಕೊಟ್ಟಿದ್ದೆ ನೆಪ್ಪೈತಾ?”

“ನೆಪ್ಪೈತೆ.”

“ಮತ್ತೆ? ಕೇಳ್ತಾ ಇವ್ನಿ. ಟವಲ್ ಹಾಸಿ ಕೇಳ್ತಾ ಇವ್ನಿ. ಒಂದು ಎಲೆ ಹಾಕಕ್ಕ.”

“ಹಾಕಾಕಿಲ್ಲ ಮುದ್ದಣ್ಣ” ಎಂದಳು ಜುಂಜಮ್ಮ. “ಇವತ್ತೂ ಇಲ್ಲ, ನಾಳೆನೂ ಇಲ್ಲ. ನಾನು ಕೊಡಾಕಿಲ್ಲ.”